ಮರ ಏರುವ ತೋಟಗಾರಿಕಾ ಕಾರ್ಮಿಕರಿಗೆ ಸರ್ಕಾರದ ವಿಮಾ ನೆರವು

ಮಲೆನಾಡು ಹಾಗೂ ಕರಾವಳಿಯ ಅಡಿಕೆ ತೋಟಗಳಲ್ಲಿ ಕೊನೆಗಾರರ ದುಡಿಮೆ ಋತುಮಾನಕ್ಕೆ ಒಳಪಟ್ಟದ್ದು. ಮುಂಗಾರಿನ ಆರಂಭದಲ್ಲಿ ಒಮ್ಮೆ, ಬಳಿಕ 40-45 ದಿನಗಳಿಗೆ ಇನ್ನೊಮ್ಮೆ ಕೊಳೆರೋಗದ ವಿರುದ್ಧ ಶೇ. 1ರ ಬೋರ್ಡೋ ದ್ರಾವಣದ ಸಿಂಪರಣೆ. ಮಳೆಗಾಲ ಕಳೆದ ಮೇಲೆ ಕೊನೆ ಕೊಯ್ಲು. ಪಾಚಿಗಟ್ಟಿದ ಕಾಂಡವನ್ನೇರಿ, ತುದಿಯಲ್ಲಿ ತೂಗಿ ಮತ್ತೊಂದು ಮರಕ್ಕೆ ದಾಟುವ ಈ ಕೆಲಸಕ್ಕೆ ಹೊಸಬರು ಬರುತ್ತಿಲ್ಲವೆಂಬುದು ಬೆಳೆಗಾರರ ಸಾಮಾನ್ಯ ದೂರು. ಬಿದ್ದವನ ಸಂಸಾರದ ಗತಿಯೇನೆಂಬ ಪ್ರಶ್ನೆಗೆ ಉತ್ತರ ದೊರೆಯದೆ, ಕೂಲಿ ಏರಿಸಿದ ಮಾತ್ರಕ್ಕೆ ಅವರು ಬರುವುದು ಸಂದೇಹ.

ತೆಂಗಿನ ಮಟ್ಟಿಗೆ ವ್ಯವಸ್ಥೆ ಉತ್ತಮವಾಗಿದೆ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಆರಂಭಿಸಿದ 'ತೆಂಗಿನ ಮರದ ಸ್ನೇಹಿತರು' ತರಬೇತಿಯಲ್ಲಿ ಯಂತ್ರದ ನೆರವಿನಿಂದ ಮರ ಏರುವುದನ್ನೂ ಸಸ್ಯಸಂರಕ್ಷಣೆಯನ್ನೂ ಆರು ದಿನಗಳಲ್ಲಿ ಕಲಿಸಿ, ಏರುವ ಯಂತ್ರವನ್ನು ಉಚಿತವಾಗಿ ನೀಡಲಾಗುತ್ತದೆ. ತರಬೇತಿ ಪಡೆದವರ ಮೊದಲ ವರ್ಷದ 'ಕೇರ ಸುರಕ್ಷಾ' ವಿಮಾ ಕಂತನ್ನು ಮಂಡಳಿಯೇ ಭರಿಸುತ್ತದೆ. ತರಬೇತಿ ಪಡೆಯದಿದ್ದರೂ ತೆಂಗಿನ ಮರ ಏರುವವರು, ನೀರಾ ಇಳಿಸುವವರು 18ರಿಂದ 65ರ ವಯೋಮಿತಿಯಲ್ಲಿ ಈ ವಿಮೆಗೆ ಅರ್ಜಿ ಸಲ್ಲಿಸಬಹುದು. ಮೊದಲು 5 ಲಕ್ಷ ರೂ. ಇದ್ದ ಗರಿಷ್ಠ ಪರಿಹಾರವನ್ನು 7 ಲಕ್ಷಕ್ಕೆ ಏರಿಸಿದಾಗ ವಾರ್ಷಿಕ ಕಂತು 956 ರೂ. ಆಗಿದ್ದು, ಕಾರ್ಮಿಕನ ಪಾಲು 239 ರೂ. ಮಾತ್ರವಾಗಿತ್ತು. ಕಂತಿನ ಮೊತ್ತ ಪರಿಷ್ಕರಣೆಗೊಳ್ಳುವುದರಿಂದ ಅರ್ಜಿಗೆ ಮುನ್ನ ಮಂಡಳಿಯ ಬೆಂಗಳೂರು ಕಚೇರಿಯಲ್ಲಿ ವಿಚಾರಿಸುವುದು ಸೂಕ್ತ. ಮರಣ ಹಾಗೂ ಅಂಗವೈಕಲ್ಯವಲ್ಲದೆ ಆಸ್ಪತ್ರೆ ವೆಚ್ಚವೂ ಇದರಲ್ಲಿ ಸೇರಿದೆ. ಆದರೆ ಎರಡನೆಯ ವರ್ಷದಿಂದ ನವೀಕರಣ ಕಾರ್ಮಿಕನದೇ ಹೊಣೆ. ಯಂತ್ರ ಕೈಯಲ್ಲಿದ್ದರೂ ವಿಮೆ ಇಲ್ಲದಂತಾಗುವುದು ಇಲ್ಲಿಯೇ.

ಕೇವಲ ಅಡಿಕೆ ಮರ ಏರುವ ಕೊನೆಗಾರರಿಗಾಗಿ ಈ ವಿಮೆ ರೂಪಿತವಾದುದಲ್ಲ. ಅವರಿಗೆ ಸುಲಭವಾಗಿ ಎಟಕುವುದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ. ವಯೋಮಿತಿ 18ರಿಂದ 70. ವಾರ್ಷಿಕ ಕಂತು 20 ರೂ.; ಅಪಘಾತದಿಂದ ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ ರೂ. ಪರಿಹಾರ. ಚಿಕಿತ್ಸಾ ವೆಚ್ಚ ಸಿಗುವುದಿಲ್ಲ. ಬೇರೆ ವಿಮೆ ಇದ್ದರೂ ಇದನ್ನು ಪಡೆಯಬಹುದಾದ್ದರಿಂದ ತೆಂಗಿನ ಕಾರ್ಮಿಕರೂ ಇದನ್ನು ಮಾಡಿಸುವುದು ಒಳಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ವಿಮೆಯ ವರ್ಷ ಜೂನ್ 1ರಿಂದ ಮೇ 31ರವರೆಗೆ. ಕಂತು ಮೇ ಕೊನೆಯಲ್ಲಿ ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಕೊಯ್ಲಿನ ಕೂಲಿ ಖರ್ಚಾಗಿ, ಸಿಂಪರಣೆಯ ಕೂಲಿ ಇನ್ನೂ ಕೈಸೇರದ ಕಾಲವದು. ಖಾತೆಯಲ್ಲಿ 20 ರೂ. ಇಲ್ಲದಿದ್ದರೆ ರಕ್ಷಣೆ ಮುಂದುವರಿಯದು, ಅದೂ ಮರ ಜಾರುವ ಮಳೆಗಾಲದ ಹೊಸ್ತಿಲಲ್ಲಿ. ಆದ್ದರಿಂದ ಮೇ ಎರಡನೆಯ ವಾರದೊಳಗೆ ಸಿಂಪರಣೆಯ ಮುಂಗಡ ನೀಡುವಾಗ ಸ್ವಲ್ಪ ಹಣವನ್ನು ಕಾರ್ಮಿಕನ ಖಾತೆಗೇ ಜಮಾ ಮಾಡಿ, ಕಡಿತವಾದುದನ್ನು ಜೂನ್ ಮೊದಲ ವಾರ ಪಾಸ್‌ಬುಕ್‌ನಲ್ಲಿ ನೋಡಿಕೊಳ್ಳಬೇಕೆಂದು ತೋಟದ ಮಾಲೀಕರಿಗೆ ಸಲಹೆ ಮಾಡಲಾಗುತ್ತದೆ. ಒಂದು ಡ್ರಮ್ ದ್ರಾವಣದ ಮೈಲುತುತ್ತಕ್ಕಿಂತ ಇದು ಅಗ್ಗ.

ಮರದಿಂದ ಬಿದ್ದ ಪ್ರಕರಣಗಳಲ್ಲಿ ಅಪಘಾತದ ಕಾರಣಕ್ಕೆ ತಕ್ಷಣದ ಆಸ್ಪತ್ರೆ ದಾಖಲೆಯ ಆಧಾರವಿರಬೇಕೆಂದು ಯೋಜನೆಯ ನಿಯಮ ಹೇಳುತ್ತದೆ. ಗಾಯಾಳುವನ್ನು ಮೊದಲು ನಾಟಿ ವೈದ್ಯರಲ್ಲಿಗೆ ಒಯ್ದು, ವಾರದ ಬಳಿಕ ಆಸ್ಪತ್ರೆಗೆ ಸೇರಿಸಿದರೆ ಚಿಕಿತ್ಸೆಯೂ ತಡ, ದಾಖಲೆಯೂ ದುರ್ಬಲ. ದಾಖಲಿಸುವಾಗಲೇ 'ಮರದಿಂದ ಬಿದ್ದು ಆದ ಗಾಯ' ಎಂದು ಸ್ಪಷ್ಟವಾಗಿ ಬರೆಸಿ, ದಿನಾಂಕವಿರುವ ಚೀಟಿಯ ಪ್ರತಿಯನ್ನು ಇಟ್ಟುಕೊಂಡು, ಖಾತೆ ಇರುವ ಬ್ಯಾಂಕ್ ಶಾಖೆಗೆ 30 ದಿನಗಳೊಳಗೆ ಪರಿಹಾರದ ಅರ್ಜಿ ಸಲ್ಲಿಸಬೇಕು. ನಾಮನಿರ್ದೇಶಿತರ ಹೆಸರು ಖಾತೆಯಲ್ಲಿಯೂ ಆಧಾರ್‌ನಲ್ಲಿಯೂ ಒಂದೇ ರೀತಿ ಇರುವಂತೆ ಮೊದಲೇ ಸರಿಪಡಿಸಿಕೊಳ್ಳುವುದು ಅಗತ್ಯ.