ಹಳೆಯ ಬೋರ್ಡು, ಹೊಸ ಚಿಪ್ಪು: ನೆಹರು ಪ್ಲೇಸಿನ ಒಂದು ಕಸುಬಿನ ಚರಿತ್ರೆ

ದಕ್ಷಿಣ ದೆಹಲಿಯ ಕಾಲ್ಕಾಜಿಗೆ ಹೊಂದಿಕೊಂಡಿರುವ ನೆಹರು ಪ್ಲೇಸ್ ಇಂದು ಉತ್ತರ ಭಾರತದ ಹೆಸರುವಾಸಿ ಕಂಪ್ಯೂಟರ್ ಪೇಟೆಯಾಗಿದ್ದರೂ ಅದನ್ನು ಕಟ್ಟಿಸಿದವರ ಲೆಕ್ಕದಲ್ಲಿ ಕಂಪ್ಯೂಟರ್ ಇರಲಿಲ್ಲ. ಕನಾಟ್ ಪ್ಲೇಸಿನ ಮೇಲಿನ ಒತ್ತಡವನ್ನು ಇಳಿಸುವುದಕ್ಕಾಗಿ 1962ರ ದೆಹಲಿ ಮಹಾಯೋಜನೆಯು ನಗರದ ಬೇರೆಬೇರೆ ದಿಕ್ಕುಗಳಲ್ಲಿ ‘ಜಿಲ್ಲಾ ಕೇಂದ್ರ’ಗಳನ್ನು, ಅಂದರೆ ಕಚೇರಿ, ಅಂಗಡಿ, ಮನರಂಜನೆಗಳು ಒಂದೆಡೆ ಸೇರುವ ವಾಣಿಜ್ಯ ನೆಲೆಗಳನ್ನು, ಕಲ್ಪಿಸಿತ್ತು, ದೆಹಲಿ ಅಭಿವೃದ್ಧಿ ಪ್ರಾಧಿಕಾರವು 1970ರ ದಶಕದಲ್ಲಿ ಬಹುಮಹಡಿ ಕಟ್ಟಡಗಳ ನಡುವೆ ವಾಹನಗಳಿಲ್ಲದ ವಿಶಾಲ ಅಂಗಳ ಬಿಟ್ಟು ರೂಪಿಸಿದ ನೆಹರು ಪ್ಲೇಸ್ ಅಂಥ ಕೇಂದ್ರಗಳಲ್ಲೊಂದು. ಮೇಲಿನ ಮಹಡಿಗಳಲ್ಲಿ ಕಂಪನಿ ಕಚೇರಿಗಳು, ನೆಲಮಹಡಿಯಲ್ಲೂ ನೆಲಮಾಳಿಗೆಯಲ್ಲೂ ಅಂಗಡಿಗಳು ಎಂಬ ಆ ವಿನ್ಯಾಸ ಮುಂದೆ ಕಂಪ್ಯೂಟರ್ ಜೋಡಣೆಯ ಕಸುಬಿಗೆ ಅನುಕೂಲವಾಗಿ ಒದಗಿತು. ಸೀರೆ, ಪರದೆಗಳ ಬಟ್ಟೆಯಂಗಡಿಗಳೂ ಅದೇ ಅಂಗಳದಲ್ಲಿ ನೆಲೆಯೂರಿವೆ ಎಂಬುದು ಬರೀ ಕಂಪ್ಯೂಟರಿಗೆಂದು ಅಲ್ಲಿಗೆ ಹೋಗುವವರ ಕಣ್ಣಿಗೆ ಬೀಳುವುದು ಕಡಿಮೆ.

ಐಬಿಎಂ 1978ರಲ್ಲಿ ಭಾರತದಿಂದ ಹೊರನಡೆದ ಮೇಲೆ ಉಂಟಾದ ತೆರವನ್ನು ತುಂಬಿದ ದೇಶೀ ಕಂಪನಿಗಳಲ್ಲಿ ದೆಹಲಿಯ ಡಿಸಿಎಂ ಡೇಟಾ ಪ್ರಾಡಕ್ಟ್ಸ್ ಮತ್ತು 1976ರಲ್ಲಿ ಆರಂಭವಾದ ಎಚ್‌ಸಿಎಲ್ ಮುಖ್ಯವಾದವು. ಎಚ್‌ಸಿಎಲ್‌ನ ಕಚೇರಿ ನೆಹರು ಪ್ಲೇಸಿನ ‘ಸಿದ್ಧಾರ್ಥ’ ಕಟ್ಟಡದಲ್ಲಿತ್ತು. ಆದರೆ ಸಾಮಾನ್ಯ ಗ್ರಾಹಕನ ಪಾಲಿಗೆ ಬಾಗಿಲು ತೆರೆದದ್ದು ನವೆಂಬರ್ 1984ರ ಹೊಸ ಕಂಪ್ಯೂಟರ್ ನೀತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ದೆಹಲಿಯಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವನ್ನು ಕಟ್ಟಿದ ಎನ್. ಶೇಷಗಿರಿ ಆ ನೀತಿಯ ರೂವಾರಿಗಳಲ್ಲಿ ಒಬ್ಬರು. ಬಿಡಿಭಾಗಗಳ ಮೇಲಿನ ಆಮದು ಸುಂಕವನ್ನು ಅದು ಇಳಿಸಿದ್ದರಿಂದ ತೈವಾನಿನ ಮದರ್‌ಬೋರ್ಡುಗಳು, ಅಂದರೆ ಕಂಪ್ಯೂಟರಿನ ಎಲ್ಲ ಭಾಗಗಳನ್ನೂ ಒಂದಕ್ಕೊಂದು ಜೋಡಿಸುವ ಮುಖ್ಯ ಫಲಕಗಳು, ದೆಹಲಿಯ ಅಂಗಡಿಗಳಿಗೆ ಬರತೊಡಗಿದವು. ಬಿಡಿಭಾಗ ಕೊಂಡು ಯಂತ್ರವನ್ನೇ ಕಟ್ಟಿಕೊಡುವ ಪದ್ಧತಿ ಈ ಊರಿಗೆ ಅಪರಿಚಿತವಾಗಿರಲಿಲ್ಲ. ಕೆಂಪುಕೋಟೆಯ ಎದುರಿನ ಲಾಜಪತ್ ರಾಯ್ ಮಾರುಕಟ್ಟೆ ರೇಡಿಯೊ ಮತ್ತು ವಿದ್ಯುನ್ಮಾನ ಬಿಡಿಭಾಗಗಳಿಗೆ ಮೊದಲೇ ಹೆಸರಾಗಿತ್ತು. ಹೀಗೆ ಹುಟ್ಟಿದ, ಕಂಪನಿಯ ಹೆಸರಿಲ್ಲದ ‘ಅಸೆಂಬಲ್ಡ್’ ಕಂಪ್ಯೂಟರ್ ಬ್ರ್ಯಾಂಡೆಡ್ ಯಂತ್ರಕ್ಕಿಂತ ಅಗ್ಗವಾಗಿದ್ದುದು ಅದರ ಒಂದು ಗುಣವಷ್ಟೇ. ಅದರ ಯಾವ ಭಾಗವನ್ನಾದರೂ ಯಾವಾಗ ಬೇಕಾದರೂ ಬಿಚ್ಚಿ ಬದಲಿಸಬಹುದು ಎಂಬುದು ಅದಕ್ಕಿಂತ ದೊಡ್ಡ ಗುಣ. 1997ರಲ್ಲಿ ಭಾರತವು ವಿಶ್ವ ವಾಣಿಜ್ಯ ಸಂಘಟನೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿ, 2005ರ ವೇಳೆಗೆ ಈ ಸರಕುಗಳ ಸುಂಕ ಶೂನ್ಯಕ್ಕಿಳಿದಾಗ ಆ ಗುಣದ ಪೂರ್ಣ ಲಾಭ ಗ್ರಾಹಕನಿಗೆ ದಕ್ಕಿತು.

ಹಾಗೆ ಬದಲಿಸಬಹುದಾದ ಭಾಗಗಳಲ್ಲಿ ಅತಿ ದುಬಾರಿಯಾದವುಗಳಲ್ಲೊಂದು ಪ್ರೊಸೆಸರ್, ಅಂದರೆ ಯಂತ್ರದ ಲೆಕ್ಕಾಚಾರವನ್ನೆಲ್ಲ ನಡೆಸುವ ಚಿಪ್ಪು. ಅದು ಬೋರ್ಡಿನ ಮೇಲೆ ಕೂರುವ ಗೂಡಿಗೆ ಸಾಕೆಟ್ ಎಂದು ಹೆಸರು. ಸಾಮಾನ್ಯವಾಗಿ ಸಾಕೆಟ್ಟಿನ ರಂಧ್ರಗಳ ಲೆಕ್ಕವೂ ಚಿಪ್ಪಿನ ಕಾಲುಗಳ ಲೆಕ್ಕವೂ ಹೊಂದಿದರೆ ಮಾತ್ರ ಹಳೆಯ ಬೋರ್ಡು ಹೊಸ ಚಿಪ್ಪನ್ನು ಒಪ್ಪುತ್ತದೆ. ಹಾಗಾಗಿ ಕಡಿಮೆ ಖರ್ಚಿನಲ್ಲಿ ಕಂಪ್ಯೂಟರನ್ನು ಚುರುಕುಗೊಳಿಸುವ ಚರಿತ್ರೆಯು ಬಹುಮಟ್ಟಿಗೆ ಸಾಕೆಟ್ಟುಗಳ ಚರಿತ್ರೆಯೇ ಆಗಿದ್ದು, ಅದರ ಗತಿಯನ್ನು ನಿರ್ಧರಿಸಿದವರು ಸಾವಿರಾರು ಮೈಲಿ ದೂರದ ತಯಾರಕರು. 1989ರಲ್ಲಿ 486 ಚಿಪ್ಪನ್ನು ತಂದ ಇಂಟೆಲ್, 1992ರಲ್ಲಿ ‘ಓವರ್‌ಡ್ರೈವ್’ ಎಂಬ ಹೆಸರಿನಲ್ಲಿ ಹಳೆಯ ಬೋರ್ಡಿಗೇ ಹಾಕಬಹುದಾದ ವೇಗದ ಚಿಪ್ಪನ್ನು ತಾನೇ ಮಾರಿತು. 1995ರ ಸಾಕೆಟ್ 7 ಎಂಬ ಗೂಡಿನಲ್ಲಿ ಇಂಟೆಲ್, ಎಎಂಡಿ, ಸಿರಿಕ್ಸ್ ಮೂರೂ ಕಂಪನಿಗಳ ಚಿಪ್ಪುಗಳು ಕೂರುತ್ತಿದ್ದವು. ಈ ಔದಾರ್ಯ ಹೆಚ್ಚು ಕಾಲ ಉಳಿಯಲಿಲ್ಲ. 1997ರ ಪೆಂಟಿಯಂ 2 ಚಿಪ್ಪಿಗೆ ಇಂಟೆಲ್ ‘ಸ್ಲಾಟ್ 1’ ಎಂಬ, ಪ್ರತಿಸ್ಪರ್ಧಿಗಳು ಬಳಸಲಾಗದ ಹೊಸ ಗೂಡನ್ನು ಮಾಡಿಕೊಂಡಾಗ, ಎಎಂಡಿಯು 1998ರಲ್ಲಿ ಸಾಕೆಟ್ 7ನ್ನೇ ಹಿಗ್ಗಿಸಿ ‘ಸೂಪರ್ ಸಾಕೆಟ್ 7’ ಎಂದು ಕರೆದು, ಅದರಲ್ಲಿ ಕೆ6-2 ಚಿಪ್ಪನ್ನು ಕೂರಿಸಿತು. ಕೈಯಲ್ಲಿ ಹಣ ಕಡಿಮೆಯಿದ್ದವನಿಗೆ ಎಎಂಡಿ ಆಪ್ತವಾದುದಕ್ಕೆ ಬೆಲೆಯಷ್ಟೇ ಈ ನಿರ್ಧಾರವೂ ಕಾರಣವೆನ್ನಬೇಕು.

ಅದೇ 1998ರಲ್ಲಿ ಬಂದ ಇಂಟೆಲ್ಲಿನ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್ಪನ್ನು, ಬೋರ್ಡಿನ ಮೂಲ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿ, 300ರ ಬದಲು 450 ಮೆಗಾಹರ್ಟ್ಸ್‌ನಲ್ಲಿ ಓಡಿಸಬಹುದೆಂಬುದು ಜಗತ್ತಿನೆಲ್ಲೆಡೆ ಉತ್ಸಾಹಿಗಳಿಗೆ ಗೊತ್ತಾಯಿತು. ಚಿಪ್ಪು ತನ್ನ ಮೇಲೆ ಬರೆದುದಕ್ಕಿಂತ ವೇಗವಾಗಿ ಓಡಬಲ್ಲುದೆಂಬ ಈ ಗುಟ್ಟಿಗೆ ಕಪ್ಪು ಮುಖವೊಂದೂ ಇತ್ತು. 1990ರ ದಶಕದಲ್ಲಿ ನಿಧಾನದ ಚಿಪ್ಪಿನ ಮೇಲಿನ ಬರಹವನ್ನು ಉಜ್ಜಿ ತೆಗೆದು, ಹೆಚ್ಚಿನ ವೇಗದ ಸಂಖ್ಯೆಯನ್ನು ಅಚ್ಚೊತ್ತಿ ಮಾರುವ ‘ರೀಮಾರ್ಕಿಂಗ್’ ಮೋಸ ಹಲವು ದೇಶಗಳ ಪೇಟೆಗಳಿಗೆ ಹಬ್ಬಿತ್ತು. ತಯಾರಕರು ಚಿಪ್ಪಿನ ವೇಗದ ಗುಣಕಕ್ಕೆ ಒಳಗಿನಿಂದಲೇ ಬೀಗ ಹಾಕಲು ಇದೂ ಒಂದು ಕಾರಣ. ತೆರಿಗೆ ಸೇರಿದ ‘ಪಕ್ಕಾ’ ಬಿಲ್ಲಿಗೆ ಒಂದು ದರ, ಚೀಟಿಯ ಮೇಲೆ ಬರೆದುಕೊಟ್ಟ ‘ಕಚ್ಚಾ’ ಬಿಲ್ಲಿಗೆ ಇನ್ನೊಂದು ದರ ಎಂಬ ವ್ಯವಹಾರದಲ್ಲಿ ಇಂಥ ಮೋಸಕ್ಕೆ ಎಡೆ ಸಹಜವಾಗಿಯೇ ಇತ್ತು. ನಕಲಿ ತಂತ್ರಾಂಶದ ಮಾರಾಟದ ಕಾರಣಕ್ಕೆ ಅಮೆರಿಕದ ವಾಣಿಜ್ಯ ಪ್ರತಿನಿಧಿಯ ಕಚೇರಿಯು ನೆಹರು ಪ್ಲೇಸನ್ನು ತನ್ನ ಕುಖ್ಯಾತ ಮಾರುಕಟ್ಟೆಗಳ ಪಟ್ಟಿಯಲ್ಲಿ ಸೇರಿಸಿದ್ದೂ ಉಂಟು. ಆದರೆ ಈ ಪೇಟೆಯನ್ನು ಕಳ್ಳಸಂತೆಯೆಂದು ತಳ್ಳಿಹಾಕುವುದಕ್ಕಿಂತ, ಬಡ ನಗರವಾಸಿಗಳು ಆಧುನಿಕತೆಯನ್ನು ಮರುಬಳಕೆಯ ದಾರಿಯಿಂದ ತಮ್ಮದಾಗಿಸಿಕೊಂಡ ತಾಣವೆಂದು ನೋಡಬೇಕೆಂಬ ವಾದವನ್ನು ದೆಹಲಿಯ ವಿದ್ವಾಂಸ ರವಿ ಸುಂದರಂ 1990ರ ದಶಕದ ಕೊನೆಯಿಂದಲೇ ಮುಂದಿಟ್ಟರು. ಆ ವಾದ ಒಪ್ಪತಕ್ಕದ್ದು. ಇಷ್ಟು ಮಾತ್ರ ಸೇರಿಸಬೇಕು, ಅಲ್ಲಿ ಮರುಬಳಕೆಯಾದದ್ದು ವಸ್ತುವಿನಷ್ಟೇ ತಿಳಿವಳಿಕೆಯೂ ಹೌದು.

ಆ ತಿಳಿವಳಿಕೆ ಎಂಥದೆಂಬುದಕ್ಕೆ ಎಲ್‌ಜಿಎ 775 ಎಂಬ ಸಾಕೆಟ್ ಒಳ್ಳೆಯ ನಿದರ್ಶನ. 2004ರಲ್ಲಿ ಪೆಂಟಿಯಂ 4ರೊಡನೆ ಬಂದ ಈ ಗೂಡು, ಮುಂದಿನ ನಾಲ್ಕೈದು ವರ್ಷ ಕೋರ್ 2 ಡ್ಯುಯೊ, ಕೋರ್ 2 ಕ್ವಾಡ್ ಚಿಪ್ಪುಗಳಿಗೂ ನೆಲೆಯಾಯಿತು. ಹಾಗೆಂದು 775ರ ಪ್ರತಿಯೊಂದು ಬೋರ್ಡೂ 775ರ ಪ್ರತಿಯೊಂದು ಚಿಪ್ಪನ್ನೂ ಒಪ್ಪುತ್ತಿರಲಿಲ್ಲ: ಬೋರ್ಡಿನ ಚಿಪ್‌ಸೆಟ್, ಅಂದರೆ ಪ್ರೊಸೆಸರಿಗೂ ಮಿಕ್ಕ ಭಾಗಗಳಿಗೂ ನಡುವೆ ಮಾತುಕತೆ ನಡೆಸುವ ಸಹಾಯಕ ಚಿಪ್ಪುಗಳ ಜೋಡಿ, ಆ ಪ್ರೊಸೆಸರಿನ ವೇಗಕ್ಕೆ ತಕ್ಕುದಾಗಿರಬೇಕಿತ್ತು, ಬೋರ್ಡಿನ ವಿದ್ಯುತ್ ನಿಯಂತ್ರಕವು ನಾಲ್ಕು ಕೋರ್‌ಗಳ ಹಸಿವನ್ನು ತಾಳಬೇಕಿತ್ತು, ಯಂತ್ರ ಎದ್ದೊಡನೆ ಮೊದಲು ಓಡುವ ಬಯಾಸ್ ಎಂಬ ತಂತ್ರಾಂಶವು ಹೊಸ ಚಿಪ್ಪಿನ ಗುರುತು ಹಿಡಿಯಬೇಕಿತ್ತು. ಹೀಗಾಗಿ 945 ಚಿಪ್‌ಸೆಟ್ಟಿನ ಬೋರ್ಡಿನ ಯಜಮಾನನಿಗೂ ಜಿ31 ಚಿಪ್‌ಸೆಟ್ಟಿನ ಬೋರ್ಡಿನ ಯಜಮಾನನಿಗೂ ಸಲ್ಲುವ ಚಿಪ್ಪುಗಳು ಬೇರೆಬೇರೆ. ಇದರ ಜೊತೆಗೆ, 45 ಡಿಗ್ರಿ ಮುಟ್ಟುವ ದೆಹಲಿಯ ಬೇಸಿಗೆಯಲ್ಲೂ ಅದರ ಧೂಳಿನಲ್ಲೂ ಚಿಪ್ಪಿನ ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕ್ ಕಟ್ಟಿಕೊಳ್ಳುವುದೂ, ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗುವುದೂ ಮಾಮೂಲು. ಚಿಪ್ಪು ಹಳೆಯದಾಯಿತೆಂದು ತಂದ ಯಂತ್ರಕ್ಕೆ ಬೇಕಾದದ್ದು ಬರೀ ಶುಚಿ ಮತ್ತು ಇನ್ನೊಂದು ರ‍್ಯಾಮ್ ಕಡ್ಡಿ ಆಗಿರುವುದೂ ಉಂಟು. ಇದನ್ನೆಲ್ಲ ‘ಜುಗಾಡ್’ ಎಂಬ ಒಂದು ಮಾತಿನಲ್ಲಿ ಮುಗಿಸುವ ರೂಢಿ ಸರಿಯಲ್ಲ. ಜುಗಾಡ್ ಎಂದರೆ ಕೈಗೆ ಸಿಕ್ಕಿದ್ದರಲ್ಲಿ ಕೆಲಸ ಸಾಗಿಸುವುದು, ಇದಾದರೋ ಯಾವುದಕ್ಕೆ ಯಾವುದು ಹೊಂದುತ್ತದೆಂಬುದನ್ನು ಬಲ್ಲವರ ವಿದ್ಯೆ.

2010ರ ದಶಕದಲ್ಲಿ ಈ ವಿದ್ಯೆಗೆ ಒಂದು ವಿಚಿತ್ರ ಅಧ್ಯಾಯ ಸೇರಿತು. ಜಗತ್ತಿನ ದೊಡ್ಡ ಕಂಪನಿಗಳು ತಮ್ಮ ಹಳೆಯ ಸರ್ವರುಗಳನ್ನು ಕಳಚಿದಾಗ ಹೊರಬಿದ್ದ ಜಿಯಾನ್ ಚಿಪ್ಪುಗಳು ಎಲ್‌ಜಿಎ 771 ಎಂಬ ಬೇರೆ ಗೂಡಿಗೆ ಸೇರಿದವಾದರೂ, ಎರಡು ಸಂಪರ್ಕಬಿಂದುಗಳನ್ನು ಅದಲುಬದಲು ಮಾಡುವ ಉಗುರಿಗಿಂತ ಚಿಕ್ಕ ಸ್ಟಿಕರನ್ನು ಅಂಟಿಸಿ, ಅಂಚಿನ ಕಚ್ಚನ್ನು ಸರಿಪಡಿಸಿದರೆ, 775ರ ಬೋರ್ಡಿನಲ್ಲೇ ಓಡುತ್ತಿದ್ದವು.

ಕನ್ನಡಿಗರ ಮಟ್ಟಿಗೆ ಈ ಚರಿತ್ರೆಯಲ್ಲಿ ಒಂದು ಉಪಕಥೆಯಿದೆ. 1980ರ ದಶಕದ ಪಿಸಿಗಳಲ್ಲಿ ಕನ್ನಡ ಮೂಡಿಸಲು ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನದ ಕಾರ್ಡನ್ನು ಮದರ್‌ಬೋರ್ಡಿಗೆ ಚುಚ್ಚಬೇಕಾಗಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಅಕ್ಷರಶೈಲಿಯೊಡನೆ ಕನ್ನಡವನ್ನು ತನ್ನೊಳಗೇ ತಂದುಕೊಂಡಾಗ ಆ ಕಾರ್ಡು ಬೇಡವಾಯಿತು, ಆದರೆ ಎಕ್ಸ್‌ಪಿಗೆ ಕನಿಷ್ಠ 233 ಮೆಗಾಹರ್ಟ್ಸ್‌ನ ಪ್ರೊಸೆಸರೂ 64 ಎಂಬಿ ರ‍್ಯಾಮೂ ಬೇಕಾದವು. ಅಷ್ಟಿಲ್ಲದ ಯಂತ್ರದಲ್ಲಿ ಯುನಿಕೋಡ್ ಕನ್ನಡ ಬರೆಯಬಯಸಿದವರು ದೆಹಲಿಯಲ್ಲಿದ್ದರೆ ನೆಹರು ಪ್ಲೇಸಿಗೆ, ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರಸ್ತೆಗೆ ಹೋಗಬೇಕಾಗುತ್ತಿತ್ತು.

ಬದಲಿಸಿದ ಚಿಪ್ಪು ಅಂಗಡಿಯವನ ಕೈಯಿಂದ ಮತ್ತೊಬ್ಬ ಬಡ ಗ್ರಾಹಕನಿಗೆ ದಾಟುತ್ತದೆ. ಯಾರಿಗೂ ಬೇಡವಾದಾಗ ಅದು ಯಮುನೆಯ ಆಚೆದಡದ ಸೀಲಂಪುರಕ್ಕೆ ಸಾಗುತ್ತದೆ. ಅಲ್ಲಿ ಅದರ ಬೆಲೆ ಕಟ್ಟುವುದು ವೇಗದಿಂದಲ್ಲ, ಅದರಲ್ಲಿರುವ ಚಿನ್ನದಿಂದ. ಹಾಗಾಗಿ ಪಿಂಗಾಣಿ ಕವಚದ 486 ಮತ್ತು ಮೊದಲ ಪೆಂಟಿಯಂಗಳು, ಅವುಗಳ ಚಿನ್ನದ ಲೇಪದ ಕಾಲುಗಳ ದೆಸೆಯಿಂದ, ತಮಗಿಂತ ನೂರುಪಟ್ಟು ವೇಗದ ಚಿಪ್ಪುಗಳಿಗಿಂತ ಹೆಚ್ಚು ಬೆಲೆಬಾಳುವುದುಂಟು. ಬರಿಗೈಯಲ್ಲಿ ಬೋರ್ಡು ಬಿಚ್ಚುವ, ಆಮ್ಲದಲ್ಲಿ ಅದ್ದಿ ಲೋಹ ತೆಗೆಯುವ ಕೆಲಸದ ಅಪಾಯವನ್ನು ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ 2003ರ ವರದಿಯಲ್ಲೇ ಎತ್ತಿ ತೋರಿಸಿತ್ತು. ಇ-ತ್ಯಾಜ್ಯದ ಮೊದಲ ನಿಯಮಗಳು ಜಾರಿಗೆ ಬಂದದ್ದು ಮೇ 2012ರಲ್ಲಿ.

ಈ ಸರಪಳಿಯ ಕೊಂಡಿಗಳನ್ನು ಈಗ ಕಳಚುತ್ತಿರುವುದು ಸಾಕೆಟ್ಟಿಗಿಂತ ಹೆಚ್ಚಾಗಿ ತಂತ್ರಾಂಶ. 2021ರಲ್ಲಿ ಬಂದ ವಿಂಡೋಸ್ 11 ಇಂಟೆಲ್ಲಿನ ಎಂಟನೆಯ ಪೀಳಿಗೆಗಿಂತ ಹಿಂದಿನ ಚಿಪ್ಪುಗಳನ್ನು, ಕೆಲವೇ ಅಪವಾದಗಳನ್ನು ಬಿಟ್ಟು, ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆರನೆಯ, ಏಳನೆಯ ಪೀಳಿಗೆಯ ಬೋರ್ಡುಗಳಲ್ಲೂ ಎಂಟನೆಯದರಲ್ಲೂ ಇರುವ ಸಾಕೆಟ್ ಎಲ್‌ಜಿಎ 1151 ಎಂಬ ಒಂದೇ ಹೆಸರಿನದಾದರೂ, ಎಂಟನೆಯ ಪೀಳಿಗೆಯ ಚಿಪ್ಪು ಹೊಸ ಚಿಪ್‌ಸೆಟ್ಟಿನ ಬೋರ್ಡನ್ನೇ ಕೇಳುವಂತೆ ಇಂಟೆಲ್ ಮಾಡಿರುವುದರಿಂದ, 2016ರಲ್ಲಿ ಇಂಟೆಲ್ ಬೋರ್ಡು ಕೊಂಡವನು ಚಿಪ್ಪು ಬದಲಿಸಿ ಪಾರಾಗಲಾರ. 2017ರಲ್ಲಿ ಎಎಂಡಿಯ ಎಎಂ4 ಬೋರ್ಡು ಕೊಂಡವನ ಸ್ಥಿತಿ ಬೇರೆ: ಬೋರ್ಡಿನ ತಯಾರಕರು ಹೊಸ ಬಯಾಸ್ ಒದಗಿಸಿದ್ದರೆ, ಅದನ್ನು ಹಾಕಿ, ರೈಜನ್ 5000 ಸಾಲಿನ ಚಿಪ್ಪನ್ನು ಆ ಹಳೆಯ ಗೂಡಿನಲ್ಲೇ ಕೂರಿಸಬಹುದು.