ಅಗಲ ಸ್ಕೀ, ಬಿಗಿ ಬೈಂಡಿಂಗ್ ಇದ್ದರೆ ಹಿಮದಲ್ಲಿ ಎಲ್ಲಿಗಾದರೂ ಹೋಗಬಹುದೇ? ನಿಜ ಏನು?

ಚಳಿಗಾಲ ಬಂದರೆ ಗುಲ್ಮಾರ್ಗ್, ಔಲಿಯ ಸ್ಕೀ ವಿಡಿಯೊಗಳು ಮೊಬೈಲಿಗೆ ಬರುತ್ತವೆ. ನೋಡಿದವರಿಗೆ ಅದು ಸುಲಭ ಅನ್ನಿಸುತ್ತದೆ. ಆದರೆ ಸಿದ್ಧಪಡಿಸಿದ ಇಳಿಜಾರು ಬಿಟ್ಟು ಕಾಡು-ಬೆಟ್ಟದ ಹಿಮಕ್ಕೆ ಹೋಗುವುದು ಬೇರೆಯೇ ಲೆಕ್ಕ. ಈ ಬಗ್ಗೆ ಇರುವ ಮೂರು ನಂಬಿಕೆಗಳನ್ನು ನೋಡೋಣ.

ನಂಬಿಕೆ 1: ಸ್ಕೀ ಯಾವುದಾದರೂ ಒಂದೇ

ತಪ್ಪು. ಮಳೆ ಬಿದ್ದ ಮೇಲೆ ಯಾವಗಲ್ ಸುತ್ತಿನ ಎರೆ ಹೊಲಕ್ಕೆ ಇಳಿದರೆ ಕಾಲು ಹುಗಿಯುತ್ತದೆ. ಹಲಗೆ ಹಾಕಿ ನಿಂತರೆ ಅಷ್ಟು ಹುಗಿಯುವುದಿಲ್ಲ, ಭಾರ ಹರಡುತ್ತದೆ. ಸ್ಕೀ ಮಾಡುವುದೂ ಇದನ್ನೇ. ಬೂಟಿನ ಅಡಿ ಸುಮಾರು 300 ಚದರ ಸೆಂ.ಮೀ. ಇದ್ದರೆ, 170 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಸ್ಕೀ 1,700 ಚದರ ಸೆಂ.ಮೀ. ಆಗುತ್ತದೆ. ಒತ್ತಡ ಐದನೇ ಒಂದು ಪಾಲಿಗಿಂತ ಕಡಿಮೆ.

ಹಾಗಂತ ತೀರಾ ಅಗಲವಾದದ್ದೂ ಬೇಡ. ಅದು ಭಾರ, ಗಟ್ಟಿ ಹಿಮದಲ್ಲಿ ಅಂಚು ಕಚ್ಚಿಸುವುದೂ ಕಷ್ಟ. ಏರಿ ಇಳಿಯುವವರಿಗೆ ನಡುವಿನಲ್ಲಿ 85ರಿಂದ 105 ಮಿ.ಮೀ. ಅಗಲ ಸಾಮಾನ್ಯ ಆಯ್ಕೆ. ಏರಲು ಸ್ಕೀ ಅಡಿಗೆ ಅಂಟಿಸುವ ‘ಸ್ಕಿನ್’ ಪಟ್ಟಿಯೂ ಬೇಕು. ಅದರ ಕೂದಲು ಒಂದೇ ದಿಕ್ಕಿಗಿರುವುದರಿಂದ ಸ್ಕೀ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ.

ನಂಬಿಕೆ 2: ಬೈಂಡಿಂಗ್ ಬಿಗಿಯಾದಷ್ಟೂ ಒಳ್ಳೆಯದು

ಅಪಾಯಕಾರಿ ನಂಬಿಕೆ. ಬೂಟನ್ನು ಸ್ಕೀಗೆ ಹಿಡಿಸುವುದು ಬೈಂಡಿಂಗ್. ಬಿದ್ದಾಗ ಅದು ಬಿಟ್ಟುಕೊಳ್ಳದಿದ್ದರೆ ಮೊಣಕಾಲು ತಿರುಚಿಕೊಳ್ಳಬಹುದು, ಮೂಳೆಯೂ ಮುರಿಯಬಹುದು. ಎಷ್ಟು ಬಲಕ್ಕೆ ಬಿಡಬೇಕು ಎಂಬುದನ್ನು ತೂಕ, ಎತ್ತರ, ವಯಸ್ಸು, ಬೂಟಿನ ಉದ್ದ, ಸ್ಕೀ ಮಾಡುವ ರೀತಿ ನೋಡಿ ತಜ್ಞರೇ ಹೊಂದಿಸಬೇಕು.

ಏರುವಾಗ ಹಿಮ್ಮಡಿ ಮೇಲೇಳಬೇಕು, ಇಳಿಯುವಾಗ ಲಾಕ್ ಆಗಬೇಕು. ಆಸ್ಟ್ರಿಯಾದ ಫ್ರಿಟ್ಜ್ ಬಾರ್ತೆಲ್ 1980ರ ದಶಕದಲ್ಲಿ ರೂಪಿಸಿದ ಹಗುರ ‘ಪಿನ್ ಬೈಂಡಿಂಗ್’ ಇದಕ್ಕೆಂದೇ ಇದೆ. ಆದರೆ ಅದಕ್ಕೆ ಪಿನ್ ಕೂರುವ ಕುಳಿಗಳಿರುವ ಬೂಟೇ ಬೇಕು. ಏರುವಾಗ ಮುಂಭಾಗಕ್ಕೆ ಹಾಕಿದ ಲಾಕನ್ನು ಇಳಿಯುವ ಮೊದಲು ತೆಗೆಯಲೇಬೇಕು.

ನಂಬಿಕೆ 3: ಒಳ್ಳೆಯ ಸಾಮಾನಿದ್ದರೆ ಹಿಮಕುಸಿತಕ್ಕೆ ಹೆದರಬೇಕಿಲ್ಲ

ಸುಳ್ಳು. ಗುಲ್ಮಾರ್ಗ್‌ನ ಅಫರ್ವತ್ ಬೆಟ್ಟದಲ್ಲಿ 2023ರ ಫೆಬ್ರವರಿ 1ರಂದು ಹಿಮಕುಸಿತಕ್ಕೆ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಬಲಿಯಾದರು. ಹಿಮ ಹೆಚ್ಚಾಗಿ ಕುಸಿಯುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ಕೀ ಮಾಡುವವರಿಗೆ ಇಷ್ಟವಾಗುವುದೂ ಅಂಥ ಇಳಿಜಾರೇ.

ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ 2016ರಲ್ಲಿ ಸಿಯಾಚಿನ್ ಹಿಮದಡಿ ಆರು ದಿನಗಳ ನಂತರ ಜೀವಂತ ಸಿಕ್ಕಿದ್ದು ನಮಗೆಲ್ಲ ನೆನಪಿದೆ. ಅದು ಅಪರೂಪದಲ್ಲೇ ಅಪರೂಪ. ಜೊತೆಗಿದ್ದ ಒಂಬತ್ತು ಯೋಧರು ಉಳಿಯಲಿಲ್ಲ. ಅವರೂ ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಹಿಮದಡಿ ಸಿಕ್ಕವರಿಗೆ ಮೊದಲ 10–15 ನಿಮಿಷವೇ ನಿರ್ಣಾಯಕ. ಅಷ್ಟರಲ್ಲಿ ತೆಗೆಯಬಲ್ಲವರು ಜೊತೆಗಾರರೇ.

ಹಾಗಾದರೆ ಏನು ಮಾಡಬೇಕು?

• ಮೊದಲು ಕಾಲಿಗೆ ಸರಿಹೊಂದುವ ಬೂಟು, ನಂತರ ಬೈಂಡಿಂಗ್, ಆಮೇಲೆ ಸ್ಕೀ ಆರಿಸಿ.
• ಹೊಸಬರು ಕೊಳ್ಳುವ ಬದಲು ಬಾಡಿಗೆಗೆ ಪಡೆಯಿರಿ. ಸಿದ್ಧಪಡಿಸಿದ ಇಳಿಜಾರಿನಲ್ಲೇ ಕಲಿಯಿರಿ.
• ಆಚೆ ಹೋಗುವಾಗ ಪ್ರತಿಯೊಬ್ಬರ ಬಳಿಯೂ ಟ್ರಾನ್ಸೀವರ್, ಹುಡುಕುವ ಉದ್ದ ಕಡ್ಡಿ, ಸಲಿಕೆ ಇರಲಿ. ಬಳಸುವ ಅಭ್ಯಾಸವೂ ಇರಲಿ.
• ಆ ದಿನದ ಹಿಮಕುಸಿತ ಎಚ್ಚರಿಕೆ ನೋಡಿ. ಸ್ಥಳೀಯ ಗೈಡ್ ಬೇಡ ಅಂದರೆ ಹೋಗಬೇಡಿ.

ನಿಮ್ಮ ಮನೆಯ ಹುಡುಗರು ಹಿಮದ ಕಡೆ ಹೊರಟಿದ್ದರೆ ವಿಡಿಯೊ ಜೊತೆಗೆ ಇದನ್ನೂ ಕಳಿಸಿ.