ಮುಚ್ಚಿದ ದಾರಿ ಮತ್ತೆ ತೆರೆದರೆ?

ಈ ಸಲದ ಮಾತು ಕಾಶಿಯ ಜಂಗಮವಾಡಿಯಿಂದ. ಇಲ್ಲಿನ ಕಿರಿದಾದ ಗಲ್ಲಿಗಳ ಹಾಗೇ ನಮ್ಮ ಶ್ವಾಸಕೋಶದ ಲೋಮನಾಳಗಳು. ರಕ್ತ ಅವುಗಳಲ್ಲಿ ನುಸುಳುವಾಗ ಸಣ್ಣ ಹೆಪ್ಪು, ಬ್ಯಾಕ್ಟೀರಿಯಾ ಸೋಸಿಹೋಗುತ್ತವೆ. ಕೆಲವರಲ್ಲಿ ಮಾತ್ರ ಅಪಧಮನಿ ನೇರವಾಗಿ ಅಭಿಧಮನಿಗೇ ಕೂಡಿಕೊಂಡು ಬೈಪಾಸ್ ಆಗಿಬಿಟ್ಟಿರುತ್ತೆ. ಸೋಸದ ಹೆಪ್ಪು ಮಿದುಳಿಗೇರಿದರೆ ಪಾರ್ಶ್ವವಾಯು, ಬ್ಯಾಕ್ಟೀರಿಯಾ ಏರಿದರೆ ಕೀವುಗಡ್ಡೆ.

1897ರಲ್ಲಿ ಇಂಗ್ಲೆಂಡಿನ ಚರ್ಟನ್ ಇದನ್ನು ಕಂಡದ್ದು ಶವಪರೀಕ್ಷೆಯಲ್ಲಿ. 1942ರಲ್ಲಿ ಶ್ವಾಸಕೋಶವನ್ನೇ ತೆಗೆದು ಗುಣಪಡಿಸಿದರು. 1977ರಲ್ಲಿ ಬರ್ಲಿನ್ನಿನ ಪೋರ್ಸ್ಟ್‌ಮನ್ ಕ್ಯಾಥೆಟರ್ ತೂರಿಸಿ, ಲೋಹದ ಕಾಯಿಲ್‌ನಿಂದ ದಾರಿ ಮುಚ್ಚಿದರು.

ಕಥೆ ಅಲ್ಲಿಗೆ ಮುಗೀಲಿಲ್ಲ. ಮುಚ್ಚಿದ ದಾರಿ ವರ್ಷಗಳ ನಂತರವೂ ತೆರೆದುಕೊಳ್ಳಬಹುದು. ಅದಕ್ಕೇ 6ರಿಂದ 12 ತಿಂಗಳಿಗೆ ಒಂದು ಸಿ.ಟಿ., ಆಮೇಲೆ ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೊಮ್ಮೆ. ಇಪ್ಪತ್ತರ ಹುಡುಗಿಗೆ ಇದು ಜೀವನಪೂರ್ತಿ ವಿಕಿರಣ. ಸಾಲದ್ದಕ್ಕೆ, ನೋಡಬೇಕಾದ ಜಾಗವನ್ನೇ ಕಾಯಿಲ್‌ನ ಬಿಳಿ ಗೆರೆಗಳು ಮರೆಮಾಡುತ್ತವೆ.

ಲಾಟರ್ಬರ್ ಎಂ.ಆರ್.ಐ. ಚಿತ್ರ ಪ್ರಕಟಿಸಿದ್ದು 1973ರಲ್ಲಿ. ಆದರೆ ಗಾಳಿ ತುಂಬಿ ಅಲುಗಾಡೋ ಶ್ವಾಸಕೋಶ ಅದಕ್ಕೆ ಕಷ್ಟದ ಕೇಸು. ಮುಂದೆ ಬಂದ ಉಪಾಯ ನನಗೆ ತುಂಬಾ ಇಷ್ಟ: ಗ್ಯಾಡೊಲಿನಿಯಂ ಚುಚ್ಚಿ, ಕ್ಷಣಕ್ಷಣಕ್ಕೂ ಚಿತ್ರ ತೆಗೆಯೋದು. ನಮ್ಮ ಭಾಷೇಲಿ ಟೈಮ್‌ಸ್ಟ್ಯಾಂಪ್ ಇರೋ ಲಾಗ್! ಅಪಧಮನಿಯ ಜೊತೆಜೊತೆಗೇ ಕಾಯಿಲ್‌ನ ಆಚೆಯ ಅಭಿಧಮನಿಯೂ ಬೆಳಗಿದರೆ, ರಕ್ತ ಮತ್ತೆ ನುಗ್ಗುತ್ತಿದೆ ಎಂದರ್ಥ. ಪ್ಲಾಟಿನಂ ಕಾಯಿಲ್ ಈ ಚಿತ್ರವನ್ನು ಅಷ್ಟಾಗಿ ಕೆಡಿಸೋದಿಲ್ಲ. ತೀರಾ ಸಣ್ಣ ನಾಳಗಳಿಗೆ ಈಗಲೂ ಸಿ.ಟಿ.ಯೇ ವಾಸಿ.

ನಾವೋ ಊರು, ದೇಶ ಬದಲಿಸುತ್ತಲೇ ಇರೋರು. ಚಿಕಿತ್ಸೆ ಆಗಿದ್ದರೆ ಕಾಯಿಲ್‌ನ ಹೆಸರು, ಲೋಹ ಎರಡನ್ನೂ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಸಿಟ್ಟುಕೊಳ್ಳಿ. ಎಂ.ಆರ್.ಐ. ಕೋಣೆಯ ಬಾಗಿಲಲ್ಲಿ ಮೊದಲು ಕೇಳೋದೇ ಅದನ್ನ.